‘ವಿದಿನ್’ ನನಗೆ ಗೊತ್ತಿರಲಿಲ್ಲ

ರಾಜ್ಯಗಳು ಉರುಳುವಾಗ ಭಾಷೆಗಳೂ ಉರುಳುತ್ತವೆ. ಶಹಾಪುರದಲ್ಲಿ ಮಾತ್ರ ಉರುಳಿದ್ದು ನನ್ನ ಮರ್ಯಾದೆಯೊಂದೇ—ಅದೂ ಯಾರಿಗೂ ಕಾಣದ ಹಾಗೆ. ಗೊತ್ತಿಲ್ಲದ ಒಂದು ಇಂಗ್ಲಿಷ್ ಪದವನ್ನು ಗೊತ್ತಿದೆ ಎಂದು ನಟಿಸಿ, ವನದುರ್ಗದಲ್ಲಿ ಕುರಿ ಸಾಕುತ್ತಿದ್ದ ವಿಧವೆ ಮಲ್ಲಮ್ಮನ ಕುರಿಹಟ್ಟಿಯನ್ನು ಕಳೆದವನು ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ನಿಜಾಮರ ಕಾಲದಿಂದಲೂ ಕಚೇರಿಯ ಗೋಡೆಯ ನೆರಳಲ್ಲಿ ಚಾಪೆ ಹಾಸಿ ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದೆ. ಎಂಥ ದಿನಗಳವು—ಬಿದಿರಿನ ಲೇಖನಿ, ಮಸಿಯ ವಾಸನೆ, ‘ಮುನ್ಶಿ ಸಾಹೇಬ್ರ’ ಎಂದು ಕೈಮುಗಿಯುವ ಜನ! ಸಂಸ್ಥಾನ ವಿಲೀನವಾಯಿತು, ಕಾಗದಗಳು ಇಂಗ್ಲಿಷಿನಲ್ಲಿ ಬರತೊಡಗಿದವು. ಹಳೆಯ ಡಿಕ್ಷನರಿಯೊಂದನ್ನು ತಂದು ಚಾಪೆಯಡಿ ಬಚ್ಚಿಟ್ಟೆ. ವಿದ್ವಾಂಸನಾದವನು ಜನರೆದುರು ಪುಸ್ತಕ ತೆರೆಯಬಾರದೆಂಬುದು ನನ್ನ ಸಿದ್ಧಾಂತ.

ಮಲ್ಲಮ್ಮ ನೋಟೀಸು ತಂದಳು. ಹಟ್ಟಿಯ ಜಾಗ ಸರ್ಕಾರದ್ದೆಂದು ಬರೆಯಲಿದ್ದಾರೆ, ತಕರಾರಿದ್ದರೆ ಹೇಳಬೇಕು—ಅಷ್ಟು ತಿಳಿಯಿತು. ಮುಂದೆ ‘ವಿದಿನ್’, ಆಮೇಲೆ ಮೂವತ್ತು ದಿನ. ಸುತ್ತ ಹತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಳೆಯ ಕಚೇರಿಯ ಕಾಗದದಲ್ಲಿ ದಿನದ ಸಂಖ್ಯೆ ಬಂದರೆ ಅದು ಪೇಶಿಯ, ಅಂದರೆ ವಿಚಾರಣೆಯ, ವಾಯಿದೆ. ಅಷ್ಟು ದಿನ ಕಳೆದ ಮೇಲೆಯೇ ಸಾಹೇಬರ ಮುಂದೆ ನಿಲ್ಲಬೇಕು, ಮೊದಲೇ ಹೋದರೆ ಜವಾನ ಬೈದು ಅಟ್ಟುತ್ತಿದ್ದ. ಇದೂ ಅದೇ ಇರಬೇಕೆಂದು—

“ಮೂವತ್ತು ದಿನ ಆದ ಮ್ಯಾಲ ಬಾರವ್ವ.”

“ಈಗೇ ಬರದು ಕೊಟ್ರ ಆಗೂದಿಲ್ಲೇನ್ರಿ?”

“ಇಂಗ್ಲಿಷ್ ನಿನಗ ಬರ್ತದೋ, ನನಗ ಬರ್ತದೋ?”

ಜನ ನಕ್ಕರು. ಅವಳೂ ನಕ್ಕಳು. ಅವಳು ಹೋದ ಮೇಲಾದರೂ ಡಿಕ್ಷನರಿ ನೋಡಬಹುದಿತ್ತು—ನೋಡಲಿಲ್ಲ.

ಮೂವತ್ತೊಂದನೆಯ ದಿನ ಬಂದಳು, ನನಗೆಂದು ಮಗಿಯಲ್ಲಿ ಮಜ್ಜಿಗೆ ಹಿಡಿದು. ನಾನು ಬರೆದ ಅರ್ಜಿಯನ್ನು ಕಚೇರಿಯ ಗುಮಾಸ್ತ ಮುಟ್ಟಲೂ ಇಲ್ಲ.

“ಗಡುವು ನಿನ್ನೀಗೇ ಮುಗದದ. ತಿಂಗಳದಾಗ ಒಂದಿನಾನೂ ಪುರಸೊತ್ತು ಸಿಗಲಿಲ್ಲೇನ್ ಇಕಿಗೆ?” ಎಂದ.

ಆಗ—ಆಗ ಹೇಳಬಹುದಿತ್ತು. ‘ತಪ್ಪು ನನ್ನದು’—ಎರಡೇ ಪದ. ಎರಡೂ ಕನ್ನಡದವು, ಎರಡರ ಅರ್ಥವೂ ನನಗೆ ಗೊತ್ತಿತ್ತು. ಹೊರಗೆ ಬಂದು ಹೇಳಿದ್ದು ಬೇರೆ:

“ಹೊಸಾ ಸರ್ಕಾರವ್ವ, ಕಾನೂನು ದಿನಕ್ಕೊಂದು ಬದಲಾಗ್ತದ. ಏನ್ ಮಾಡೂದು?”

“ಹೋಗ್ಲಿ ಬಿಡ್ರಿ. ನೀವರ ಏನ್ ಮಾಡ್ತೀರಿ, ಪಾಪ. ಮಜ್ಜಿಗಿ ಕುಡೀರಿ,” ಎಂದಳು ಮಲ್ಲಮ್ಮ.

ಕುಡಿದೆ.

ಅವಳು ಹೊರಟ ಮೇಲೆ ಡಿಕ್ಷನರಿ ತೆರೆದೆ. ‘ವಿದಿನ್’ ಎಂದರೆ ಒಳಗೆ. ಮೂವತ್ತು ದಿನದ ಒಳಗೆ. ಮುಂದೆ ಆ ಪದವನ್ನು ನೂರಾರು ಅರ್ಜಿಗಳಲ್ಲಿ ಒಮ್ಮೆಯೂ ತಪ್ಪದೆ ಬಳಸಿದೆ, ಜನ ಹೊಗಳಿದರು. ಮಲ್ಲಮ್ಮ, ನೀನು ಈಗ ಇಲ್ಲ. ಇದ್ದಿದ್ದರೂ ಇದನ್ನು ಓದುತ್ತಿರಲಿಲ್ಲ—ಓದಲು ಬಾರದೆಂದೇ ಅಲ್ಲವೇ ನನ್ನನ್ನು ನಂಬಿ ಬಂದದ್ದು.

ಹಟ್ಟಿಯ ಜಾಗ ಸರ್ಕಾರಕ್ಕೆ ಹೋಯಿತು. ಮಲ್ಲಮ್ಮ ಕುರಿಗಳನ್ನು ಮಾರಿ ರಾಮಸಮುದ್ರದ ಮಗಳ ಮನೆಗೆ ಹೋದಳು.