ಮೊದಲ ಬುಟ್ಟಿ ಹಳೆ ಕಬ್ಬಿಣದ್ದು

ಬೆಳಗಿನ ಐದೂಮುಕ್ಕಾಲು. ಪೀಣ್ಯದ ಒಳರಸ್ತೆಯಲ್ಲಿ ಟೀ ಅಂಗಡಿಯ ಸ್ಟವ್ ಇನ್ನೂ ಹೊತ್ತಿಲ್ಲ. ಶೆಡ್ಡಿನೊಳಗೆ ಮಲಕವ್ವ ಸೀರೆಯ ಮೇಲೊಂದು ಖಾಕಿ ಅಂಗಿ ತೊಟ್ಟು, ತುಕ್ಕು ಹಿಡಿದ ಬೋಲ್ಟು, ಹಲ್ಲು ಮುರಿದ ಗಿಯರು, ಯಾವುದೋ ಕಾಲದ ಚೈನಿನ ತುಂಡುಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಾರೆ. ಸುರಿಯುತ್ತಿಲ್ಲ, ಒಂದೊಂದಾಗಿ ಜೋಡಿಸುತ್ತಿದ್ದಾರೆ. ಗುಜರಿಗೆ ಇಷ್ಟೊಂದು ಮರ್ಯಾದೆಯೇ ಎಂದು ಕೇಳುತ್ತೇನೆ. ಮಲಕವ್ವ ಇನ್ನೊಂದು ಗಿಯರು ಎತ್ತಿ ಇಡುತ್ತಾರೆ. ಕೆಲಸದ ಹೊತ್ತಿನಲ್ಲಿ ಪತ್ರಿಕೆಯವರ ಜೊತೆ ಹರಟುವ ಪೈಕಿ ಅವರಲ್ಲ.

ಬುಟ್ಟಿ ಕುಲುಮೆಯೊಳಗೆ ಹೋಗುತ್ತದೆ. ಕೆಂಡದಂತಾಗಿ ಹೊರಬಂದು ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಭಗ್ಗೆಂದು ಜ್ವಾಲೆ ಎದ್ದು, ಹೊಗೆಯಾಗಿ, ತಣ್ಣಗಾಗುತ್ತದೆ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದೇನೆ. ಮಲಕವ್ವ ನಿಂತಲ್ಲೇ ನಿಂತು ತೊಟ್ಟಿಯ ಪಕ್ಕದ ಥರ್ಮಾಮೀಟರ್ ನೋಡಿ, 'ಅರವತ್ತು' ಎಂದು ಕೂಗುತ್ತಾರೆ. ಇಂಜಿನಿಯರ್ ಲಿಖಿತ್ ಬರೆದುಕೊಳ್ಳುತ್ತಾನೆ. ಇನ್ನು ನಿಜವಾದ ಮಾಲು ಒಳಗೆ ಹೋಗಬಹುದು.

ಇದು ಉಕ್ಕಿನ ಬಿಡಿಭಾಗಗಳನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಸಣ್ಣ ಕಾರ್ಖಾನೆ. ಒಟ್ಟು ಇಪ್ಪತ್ತೆರಡು ಜನ. ಕಾರ್ಖಾನೆಯ ಹೆಸರು ಬೇಡ ಎಂದು ಮಾಲೀಕ ಬಾಲಾಜಿ ಕೇಳಿಕೊಂಡಿದ್ದಾರೆ. ಯಾಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಮಲಕವ್ವ ಮುದ್ದೇಬಿಹಾಳದ ಕಡೆಯವರು, ವಯಸ್ಸು ನಲವತ್ತಾರು. ಗಂಡ ಯಮನೂರಪ್ಪ ಕಟ್ಟಡಗಳಿಗೆ ಕಂಬಿ ಕಟ್ಟುತ್ತಾರೆ. ಬಾಗಲಗುಂಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮೊದಲು ಇವರೂ ಗಾರೆ ಹೊರುತ್ತಿದ್ದರು. ಮೂರನೇ ಮಹಡಿಯ ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ಕೆಟ್ಟ ಮೇಲೆ ಇಲ್ಲಿಗೆ ಸೇರಿ ಹನ್ನೊಂದು ವರ್ಷವಾಯಿತು. ಕೆಲಸ ಬುಟ್ಟಿ ತುಂಬುವುದು. ಒಂದು ಪಾಳಿಗೆ ಐದು ಬುಟ್ಟಿ, ಬುಟ್ಟಿಗೆ ನಲವತ್ತೆಂಟು ಪಂಪ್ ಶಾಫ್ಟು, ಒಂದೊಂದೂ ಎರಡು ಕಿಲೋ. ಹಾಕುವಾಗೊಮ್ಮೆ, ತೆಗೆಯುವಾಗೊಮ್ಮೆ ಎಂದು ಲೆಕ್ಕ ಹಾಕಿದರೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಟನ್ ಉಕ್ಕು ಈ ಎರಡು ಕೈಯಲ್ಲಿ ಹಾದುಹೋಗುತ್ತದೆ. ಲೆಕ್ಕ ನನ್ನದು. ಹೇಳಿದಾಗ ಅವರಿಗೇ ಆಶ್ಚರ್ಯವಾಯಿತು.

ಆರಾರು ಶಾಫ್ಟುಗಳನ್ನು ತಂತಿಯಿಂದ ಕಟ್ಟುವುದು ಅವರದೇ ಪದ್ಧತಿ. ಅದು ಗಂಡ ಕಂಬಿಗೆ ಹಾಕುವ ಗಂಟು. ಮೊದಲ ಬುಟ್ಟಿಯ ಕಟ್ಟಿಗೆ ಒಂದು ಸುತ್ತು, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ. ಚೀಟಿಗಳು ಕುಲುಮೆಯಲ್ಲಿ ಸುಟ್ಟುಹೋಗುತ್ತವೆ, ಸುತ್ತು ಹಾಳಾಗುವುದಿಲ್ಲ. ಈ ಸುತ್ತನ್ನು ಕಾರ್ಖಾನೆಯಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ.

ಎಲ್ಲರ ಗಮನ ಇದ್ದದ್ದು ಪರಮಾನಂದನ ಮೇಲೆ. ಹತ್ತೊಂಬತ್ತು ವರ್ಷ ಆ ಕುಲುಮೆಯನ್ನು ನಡೆಸಿದವನು ಅವನು. ಅದು ಕೆಮ್ಮಿದರೆ ಇವನಿಗೆ ಕೇಳಿಸುತ್ತಿತ್ತು ಎಂದು ಬಾಲಾಜಿ ಈಗಲೂ ಹೇಳುತ್ತಾರೆ. ಕಳೆದ ನವೆಂಬರಿನಲ್ಲಿ ಬೊಮ್ಮಸಂದ್ರದ ದೊಡ್ಡ ಕಾರ್ಖಾನೆಯೊಂದು ಕರೆಯಿತು, ಹೋದ. ಜಗಳವಿಲ್ಲ, ಮುನಿಸಿಲ್ಲ. ಹಾರ ಹಾಕಿ, ಫೋಟೋ ತೆಗೆಸಿಕೊಂಡು ಕಳಿಸಿಕೊಟ್ಟರು. ಅವನು ಹೇಳಿದ ತಾಪಮಾನ, ಸಮಯ ಎಲ್ಲವನ್ನೂ ಹೊಸದಾಗಿ ಬಂದ ಲಿಖಿತ್ ನೀಟಾಗಿ ಕಂಪ್ಯೂಟರಿಗೆ ಏರಿಸಿಕೊಂಡ.

ಒಂದು ವಿಷಯ ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ಪರಮಾನಂದ ದಿನಾ ಬೆಳಗ್ಗೆ ಕುಲುಮೆಯ ಬಾಗಿಲಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಒಂದು ಬುಟ್ಟಿ ಹಳೆ ಕಬ್ಬಿಣವನ್ನು ಕಾಯಿಸಿ ಎಣ್ಣೆಗೆ ಇಳಿಸುತ್ತಿದ್ದ. ಆ ಬುಟ್ಟಿ ತುಂಬುತ್ತಿದ್ದವರು ಮಲಕವ್ವ. ಇಡೀ ಕಾರ್ಖಾನೆ ಅದನ್ನು ಕುಲುಮೆಗೆ ಇಡುವ ಎಡೆ ಎಂದೇ ನಂಬಿತ್ತು. ಒಂದು ಗಂಟೆ ಕರೆಂಟು ದಂಡವಲ್ಲವೇ ಎಂದು ಲಿಖಿತ್ ಕೇಳಿದಾಗ, ಅದು ಪರಮಾನಂದನ ಭಕ್ತಿ, ಬೇಕಾದರೆ ಬಿಡಿ ಎಂದರು ಬಾಲಾಜಿ. ಹುಡುಗ ಸಂಕೋಚದವನು. ಯಾರ ಮನಸ್ಸೂ ನೋಯಬಾರದೆಂದು ವಿಭೂತಿ, ಊದುಬತ್ತಿ ಎರಡನ್ನೂ ಉಳಿಸಿಕೊಂಡು ಬುಟ್ಟಿಯನ್ನಷ್ಟೇ ನಿಲ್ಲಿಸಿದ.

'ನಾನೂ ಅದನ್ನ ಎಡೀನ ಅಂತ ತಿಳ್ಕೊಂಡಿದ್ದೆ ನೋಡ್ರಿ,' ಮಲಕವ್ವ ಒಪ್ಪಿಕೊಳ್ಳುತ್ತಾರೆ. 'ಯಾಕ ಅಂತ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ. ಬ್ಯಾಡ ಅಂದ ದಿನಾ ಏನೋ ಒಂದ್ ನಮೂನಿ ಅನಿಸ್ತು. ಸುಮ್ನಾದೆ.'

ಡಿಸೆಂಬರಿನಲ್ಲಿ ಶಾಫ್ಟುಗಳು ಬಿರುಕು ಬಿಡತೊಡಗಿದವು. ಒಂದು ಲೋಡು ವಾಪಸ್ ಬಂತು, ಹದಿನೈದು ದಿನಕ್ಕೆ ಇನ್ನೊಂದು. ಮೂರನೆಯದೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗಿರಾಕಿ ಕಂಪನಿ ಖಡಾಖಂಡಿತವಾಗಿ ಹೇಳಿತು. ಕುಲುಮೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಅವರದೇ. ಅದು ಹೋದರೆ ಒಂದು ಪಾಳಿ ಮುಚ್ಚಬೇಕು, ಮೊದಲು ಮನೆಗೆ ಹೋಗುವವರು ಬುಟ್ಟಿ ತುಂಬುವವರು. ಬಾಲಾಜಿ ಅದನ್ನು ಮುಚ್ಚಿಡಲಿಲ್ಲ, ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಅವತ್ತು ಬಸ್ ಸ್ಟಾಪಿನವರೆಗೂ ಮಲಕವ್ವ ತಮ್ಮ ಮೊಣಕಾಲನ್ನೇ ನೋಡುತ್ತ ನಡೆದರಂತೆ. ಗಾರೆ ಹೊರಲು ಅದು ಇನ್ನು ಒಪ್ಪುವುದಿಲ್ಲ.

ಪರಮಾನಂದನಿಗೆ ಏಳೆಂಟು ಸಲ ಫೋನಾಯಿತು. ಪಾಪ, ಪ್ರತಿ ಸಲವೂ ಎತ್ತಿದ, ತಾಪಮಾನ ಸರಿಯಿದೆಯಾ, ಸಮಯ ಸರಿಯಿದೆಯಾ ಎಂದು ಕೇಳಿದ. ಎಲ್ಲವೂ ಸರಿಯಾಗಿಯೇ ಇತ್ತು. ಬಿರುಕೂ ಇತ್ತು.

ಮಲಕವ್ವ ತಂತಿಯನ್ನು ಬಿಸಾಡುವವರಲ್ಲ. ಸಂಜೆ ತಪಾಸಣೆ ಮೇಜಿನ ಕೆಳಗಿಂದ ಆಯ್ದು, ನೇರ ಮಾಡಿ ಮತ್ತೆ ಬಳಸುತ್ತಾರೆ. ಒಂದು ಸಂಜೆ ತಿರಸ್ಕೃತ ಮಾಲಿನ ಕೆಂಪು ಟ್ರೇಯಲ್ಲಿದ್ದ ತಂತಿಗಳನ್ನು ಎತ್ತಿಕೊಂಡವರು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

'ಏಳೂ ತಂತಿ ಒಂದ ಸುತ್ತಿನವು ಇದ್ದುವ್ರಿ. ಎರಡು ಸುತ್ತಿಂದು, ಮೂರು ಸುತ್ತಿಂದು ಒಂದೂ ಇರ್ಲಿಲ್ಲ. ಅಂದ್ರ ಮುಂಜಾನಿ ಮೊದಲನೇ ಬುಟ್ಟಿಗಷ್ಟ ಏನೋ ಆಗಾಕತ್ತೈತಿ. ಮೊದಲಿನಂಗಿದ್ರ ಅದು ಹಳೇ ಕಬ್ಬಿಣದ ಬುಟ್ಟಿ ಹೋಗೂ ಹೊತ್ತು.'

ತಂತಿಗಳನ್ನು ಹಿಡಿದು ಲಿಖಿತ್ ಎದುರು ಹೋಗಿ ನಿಂತರು. ಲಿಖಿತನ ದೊಡ್ಡ ಗುಣವೆಂದರೆ ನಗಲಿಲ್ಲ. ಮರುದಿನ ಬೆಳಗ್ಗೆ ಎಣ್ಣೆಗೆ ಥರ್ಮಾಮೀಟರ್ ಇಳಿಸಿದ. ಇರಬೇಕಾದದ್ದು ಅರವತ್ತು ಡಿಗ್ರಿ, ಇದ್ದದ್ದು ಹತ್ತೊಂಬತ್ತು. ಎಣ್ಣೆ ಕಾಯಿಸುವ ಹೀಟರಿನ ಕೆಂಪು ದೀಪ ಪ್ಯಾನೆಲ್ಲಿನಲ್ಲಿ ಉರಿಯುತ್ತಲೇ ಇತ್ತು, ಹೀಟರು ಮಾತ್ರ ಸುಟ್ಟು ಆರು ವರ್ಷವಾಗಿತ್ತು. ಪರಮಾನಂದ ಆಗಲೇ ಹೇಳಿದ್ದನಂತೆ, ಮುಂದಿನ ತಿಂಗಳು ಹಾಕಿಸೋಣ ಎಂದು ಬಾಲಾಜಿ ಅಂದಿದ್ದರಂತೆ. ಅಲ್ಲಿಯವರೆಗೆಂದು ಅವನು ಕಾದ ಹಳೆ ಕಬ್ಬಿಣ ಇಳಿಸಿ ಎಣ್ಣೆ ಬೆಚ್ಚಗೆ ಮಾಡತೊಡಗಿದ. ಆ ಮುಂದಿನ ತಿಂಗಳು ಬರಲೇ ಇಲ್ಲ. ಕಾದ ಉಕ್ಕು ತಣ್ಣನೆಯ ಎಣ್ಣೆಗೆ ಬಿದ್ದು, ಕುದಿಯುವ ಚಹಾ ಸುರಿದ ಗಾಜಿನ ಲೋಟದ ಹಾಗೆ ಸೀಳುತ್ತಿತ್ತು.

ಫೋನಿನಲ್ಲಿ ನಾನೂ ಪರಮಾನಂದನನ್ನು ಮಾತಾಡಿಸಿದೆ. ಇದನ್ನೇಕೆ ಹೇಳಲಿಲ್ಲ ಮಾರಾಯ ಎಂದೆ. 'ಅದನ್ನ ಬಿಟ್ಟಿರ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ ಮೇಡಂ? ಅದೂ ಒಂದು ಹೇಳಿಕೊಡೋ ವಿಷಯಾನಾ?' ಎಂದ. ಅವನ ದನಿಯಲ್ಲಿ ನಿಜವಾದ ಬೇಸರವಿತ್ತು.

ಬಾಲಾಜಿ ಹಣೆ ಚಚ್ಚಿಕೊಳ್ಳುತ್ತಾರೆ. 'ಪೂಜೆ ಇಟ್ಕೊಂಡು ಇಂಜಿನಿಯರಿಂಗ್ ಬಿಟ್ಬಿಟ್ಟಿದ್ವಿ ಕಣ್ರೀ.'

ಹಳೆ ಕಬ್ಬಿಣದ ಬುಟ್ಟಿ ಮರಳಿತು. ಮೂರನೇ ಲೋಡಿನಲ್ಲಿ ಒಂದೂ ಬಿರುಕಿರಲಿಲ್ಲ. ಗಿರಾಕಿಯ ಕಡೆಯಿಂದ ಸರಿಯಿದೆ ಎಂದು ಮೇಲ್ ಬಂದಾಗ ಇಡೀ ಶೆಡ್ಡಿಗೆ ಉಸಿರು ಬಂತು. ಬಾಲಾಜಿ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ಹೊಸ ಹೀಟರೂ ಬಂದಿದೆ. ಆದರೆ ಚಳಿಗಾಲದ ಬೆಳಗಿನಲ್ಲಿ ಅದೊಂದನ್ನೇ ನಂಬಿದರೆ ಬಹಳ ಹೊತ್ತು ಕಾಯಬೇಕಾಗುವುದರಿಂದ ಬುಟ್ಟಿಯೂ ಮುಂದುವರಿದಿದೆ.

ಆಮೇಲಿನದು ನನಗೆ ಇನ್ನೂ ಹೆಚ್ಚು ಹಿಡಿಸಿದ ಭಾಗ. ಲಿಖಿತ್ ಒಂದು ತಿಂಗಳು ನೋಟ್‌ಬುಕ್ ಹಿಡಿದು ಮಲಕವ್ವನ ಬೆನ್ನು ಹತ್ತಿದ. ಕೈ ಮಾಡುವ ಪ್ರತಿಯೊಂದು ಕೆಲಸಕ್ಕೂ, ಇದನ್ನು ಬಿಟ್ಟರೆ ಏನಾಗುತ್ತದೆ ಎಂದು ಕೇಳಿ ಬರೆದುಕೊಂಡ. ಮಲಕವ್ವನಿಗೆ ಆರಂಭದಲ್ಲಿ ಕಿರಿಕಿರಿ, ಆಮೇಲೆ ಹುರುಪು. ಈಗ ಪ್ಯಾನೆಲ್ ಪಕ್ಕದ ಗೋಡೆಯಲ್ಲಿ ಕನ್ನಡದ ಹಾಳೆಯೊಂದಿದೆ. ಮೊದಲ ಸಾಲು: ಹಳೆ ಕಬ್ಬಿಣದ ಬುಟ್ಟಿ. ಎರಡನೇ ಪಾಳಿಯ ಬಸಮ್ಮನಿಗೆ ತಂತಿಯ ಗಂಟು ಹಾಕುವುದನ್ನೂ ಕಲಿಸಿಯಾಗಿದೆ. ಎಲ್ಲವನ್ನೂ ಹೇಳಿಕೊಟ್ಟರೆ ನಿಮ್ಮ ಬೆಲೆ ಕಡಿಮೆಯಾಗುವುದಿಲ್ಲವೇ ಎಂದು ನಾನು ಪೇಟೆಯ ಬುದ್ಧಿಯ ಪ್ರಶ್ನೆ ಕೇಳಿದೆ.

ಮಲಕವ್ವ ನಕ್ಕರು. ಮಗಳು ಶಿವಗಂಗಾಗೆ ಈಗ ಏಳು ತಿಂಗಳು, ಬಾಣಂತನಕ್ಕೆ ಒಂದು ತಿಂಗಳು ಊರಲ್ಲಿರಬೇಕೆಂಬುದೊಂದೇ ಅವರ ಆಸೆ. ಹನ್ನೊಂದು ವರ್ಷದಲ್ಲಿ ಒಟ್ಟಿಗೆ ಎರಡು ದಿನಕ್ಕಿಂತ ಹೆಚ್ಚು ರಜೆ ಹಾಕಿದವರಲ್ಲ. ಪರೀಕ್ಷೆ ಮಾಡಿ ನೋಡೋಣವೆಂದು ಕಳೆದ ತಿಂಗಳು ಬೆಳಗಿನ ಪಾಳಿಯನ್ನು ಬಸಮ್ಮನಿಗೆ ಒಪ್ಪಿಸಿ ನಾಲ್ಕು ದಿನ ಊರಿಗೆ ಹೋಗಿದ್ದರು. ಎರಡನೇ ದಿನ ಬೆಳಗ್ಗೆ ಏಳಕ್ಕೆ ಫೋನು ಬಡಿದುಕೊಂಡಿತು. ಬಸಮ್ಮನ ಹೆಸರು ಕಂಡು, ಮತ್ತೆ ಬಿರುಕೇ ಇರಬೇಕು ಎಂದುಕೊಂಡರಂತೆ.

'ಅಕಿ ಒಂದ ಮಾತು ಅಂದ್ಲರಿ, "ಅಕ್ಕಾ, ಅರವತ್ತು" ಅಂತ. ಫೋನ್ ಇಟ್ಲು. ನಾ ಮತ್ತ ಹೊಚ್ಕೊಂಡು ಮಕ್ಕೊಂಡೆ. ಬೆಂಗಳೂರಿಗೆ ಬಂದ ಮ್ಯಾಲ ಅಷ್ಟ್ ಹೊತ್ತಿನ ತನಕ ಮಕ್ಕೊಂಡಿದ್ದು ಅದ ಮೊದಲ್ರಿ.'