ರಾಯ್ನಾ ಸಹಿ ಹಾಕಿದ ಪುಸ್ತಕಗಳು

ಮೀಲ್ಚೋ ಮಾವ ಪುಸ್ತಕವನ್ನು ಯಾವಾಗಲೂ ಹಿಂದಿನಿಂದ ತೆರೆಯುತ್ತಿದ್ದರು. ಊರಿಗೆಲ್ಲ ಅವರು ಮಾವ; ಡ್ಯಾನ್ಯೂಬ್ ನದಿಯ ಸರಕು ದೋಣಿಗಳಲ್ಲಿ ನಲವತ್ತು ವರ್ಷ ಎಂಜಿನ್ ನೋಡಿಕೊಂಡವರು. ಅಷ್ಟು ವರ್ಷವೂ ಎಣ್ಣೆ ಡಬ್ಬಿಯ ಮೇಲಿನ ಅಕ್ಷರ ಬಿಟ್ಟರೆ ಬೇರೇನೂ ಓದಿರಲಿಲ್ಲವೆಂದು ಅವರೇ ಹೇಳುತ್ತಿದ್ದರು. ಹೆಂಡತಿ ರಾಯ್ನಾ ತೀರಿಕೊಂಡ ಮೇಲೆ, ಎಪ್ಪತ್ತೇಳನೇ ವಯಸ್ಸಿನಲ್ಲಿ, ಪ್ರತಿ ಗುರುವಾರ ನಮ್ಮ ವಾಚನಾಲಯಕ್ಕೆ ಬರತೊಡಗಿದರು. ನಾನು ಇಲ್ಲಿ ಕೆಲಸಕ್ಕೆ ಸೇರಿದ್ದೂ ಅದೇ ವರ್ಷ. ರಾಯ್ನಾಳನ್ನು ನಾನು ನೋಡಿದ್ದು ಊರಿನ ರೂಢಿಯಂತೆ ಅವರ ಮನೆ ಬಾಗಿಲಿಗೆ ಅಂಟಿಸಿದ ಸಾವಿನ ಸುದ್ದಿಯ ಚೀಟಿಯ ಫೋಟೋದಲ್ಲಿ ಮಾತ್ರ.

ಪುಸ್ತಕ ಮರಳಿಸುವಾಗ ಅವರ ವಿಮರ್ಶೆ ಇದ್ದೇ ಇರುತ್ತಿತ್ತು, ನಿಂತುಕೊಂಡೇ, ಟೋಪಿ ತೆಗೆಯದೆ.

“ಈ ಕಾದಂಬರೀಲಿ ಕ್ಯಾಪ್ಟನ್ ಮೂವತ್ತು ವರ್ಷ ಸಮುದ್ರದ ಮೇಲಿರ್ತಾನೆ, ಗಿಂಕಾ. ಅವನ ಹಲ್ಲುನೋವಿಗೆ ಎರಡು ಪುಟ. ಕಾಯೋ ಹೆಂಡ್ತಿಗೆ ನಾಲ್ಕೇ ಸಾಲು! ಬರೆದೋನಿಗೆ ಮನೇಲಿ ಬೈಯೋರು ಯಾರೂ ಇರ್ಲಿಲ್ವಾ?”

ಇನ್ನೊಮ್ಮೆ ಯಾವುದೋ ಹಳೆಯ ಕಾರ್ಖಾನೆಯ ಕಥೆ. “ಎಲ್ರೂ ನಗ್ತಾನೇ ಇರ್ತಾರೆ. ನಾನೂ ಇದ್ನಲ್ಲ ಆ ಕಾಲದಲ್ಲಿ, ಅಷ್ಟು ಹಲ್ಲು ಯಾರಿಗಿತ್ತು?” ಆಮೇಲೆ ದನಿ ಇಳಿಸಿ ಹೇಳಿದರು: “ಆದ್ರೆ ತೊಂಬತ್ತನೇ ಪುಟದಲ್ಲಿ ಒಬ್ಳು ಕೆಲಸ ಮುಗಿಸಿ ಬಂದು, ಒಬ್ಳೇ ಕೂತು ಬೀನ್ಸ್ ಸೂಪ್ ಕುಡೀತಾಳೆ. ಅದನ್ನ ಮೂರು ಸಲ ಓದಿದೆ.”

“ಪುಸ್ತಕಾನ ಕೊನೆಯಿಂದ ಯಾಕೆ ತೆಗೀತೀರಿ ಮಾವ? ಯಾರು ಸಾಯ್ತಾರೆ ಅಂತ ಮೊದ್ಲೇ ನೋಡ್ಕೊಳ್ಳೋಕಾ?” ಎಂದು ಕಾಡಿಸುತ್ತಿದ್ದೆ. ಅವರು ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಕೂತು ಕೇಳುವ ತಾಳ್ಮೆ ನನಗೂ ಇರಲಿಲ್ಲ.

ಕಳೆದ ಚಳಿಗಾಲ ಮೇಲಿನಿಂದ ಆದೇಶ ಬಂತು: ಹತ್ತು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಬೇಕು. ಗೋಡೆ ಕಡೆಯ ಕಪಾಟುಗಳಲ್ಲಿದ್ದ ಆರುನೂರೂ ಅಂಥವೇ. ಯಾರು ಯಾವಾಗ ಒಯ್ದರು ಎನ್ನುವುದಕ್ಕೆ ನಮ್ಮಲ್ಲಿ ಪುಸ್ತಕದ ಹಿಂದಿನ ಲಕೋಟೆಯಲ್ಲಿರುವ ಚೀಟಿಯೊಂದೇ ಸಾಕ್ಷಿ. ಓದುಗರು ಅದರಲ್ಲಿ ಸಹಿ ಹಾಕುತ್ತಾರೆ. ಅವನ್ನು ರದ್ದಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಹಳೆಯ ಚೀಟಿಗಳನ್ನೆಲ್ಲ ತೆಗೆದು, ಹೊಸತು ಇಟ್ಟು, ಇಲ್ಲದ ಓದುಗರ ಹೆಸರು, ಇತ್ತೀಚಿನ ತಾರೀಖು ಬರೆದೆ. ಹಳೆಯವನ್ನು ಓದುವ ಕೋಣೆಯನ್ನು ಬೆಚ್ಚಗಿಡುವ ಒಲೆಗೆ ಹಾಕಿದೆ. ತಪಾಸಣೆಗೆ ಬಂದವರು ಒಂದು ಪುಸ್ತಕವನ್ನೂ ಒಯ್ಯಲಿಲ್ಲ. ನಾನು ಬೀಗಿದ್ದೇ ಬೀಗಿದ್ದು.

ಮಾರ್ಚ್‌ನಲ್ಲಿ ಮೀಲ್ಚೋ ಮಾವ ಕಿಟಕಿ ಕಡೆಯ ಕಪಾಟುಗಳನ್ನು ಮುಗಿಸಿ ಗೋಡೆ ಕಡೆಗೆ ಬಂದರು. ಒಂದೊಂದೇ ಪುಸ್ತಕ ತೆಗೆದು, ಹಿಂದಿನ ಲಕೋಟೆ ನೋಡಿ, ವಾಪಸ್ ಇಡುತ್ತಿದ್ದರು. ಮೂರು ಗುರುವಾರ ಬರಿಗೈಯಲ್ಲಿ ಹೋದರು. ನಾಲ್ಕನೇ ಗುರುವಾರ ನನ್ನ ಮೇಜಿನ ಮುಂದೆ ನಿಂತು, ಮೊದಲ ಸಲ ಟೋಪಿ ತೆಗೆದರು.

“ಗಿಂಕಾ, ನಾನು ದೋಣಿ ಮೇಲಿದ್ದಾಗ ರಾಯ್ನಾ ಕಾಗದ ಬರೀತಿದ್ಲು. ಗುರುವಾರ ಸಂಜೆ ವಾಚನಾಲಯಕ್ಕೆ ಹೋಗ್ತೀನಿ, ಒಂದೊಂದೇ ಕಪಾಟು ಓದಿ ಮುಗಿಸ್ತಿದೀನಿ ಅಂತ. ನಾನು ಅವಳ ಸಹಿ ಇರೋದನ್ನೇ ಹುಡುಕಿ ಓದ್ತಾ ಬಂದೆ. ಕಿಟಕಿ ಕಡೆ ಎಲ್ಲೆಲ್ಲೂ ಇದಾಳೆ. ಈ ಕಡೆ ಒಂದರಲ್ಲೂ ಇಲ್ಲ.” ಟೋಪಿಯನ್ನು ಹಿಂಡಿದರು. “ಹಾಗಾದ್ರೆ ಆಮೇಲಿನ ಗುರುವಾರಗಳಲ್ಲಿ ಎಲ್ಲಿಗೆ ಹೋಗ್ತಿದ್ಲು?”

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸತ್ತವಳ ಮೇಲೆ ಆ ಅನುಮಾನ ಕೂರುವುದನ್ನು ನೋಡಲಾಗಲಿಲ್ಲ.

“ಚೀಟಿ ಬದಲಾಯಿಸಿದ್ದು ನಾನು, ಮಾವ. ಪುಸ್ತಕ ಉಳಿಸೋಕೆ. ಹಳೇದನ್ನ ಸುಟ್ಬಿಟ್ಟೆ.”

“ಎಲ್ಲಾನೂ?”

“ಎಲ್ಲಾನೂ.”

“ಅದ್ರಲ್ಲಿ ಅವಳ ಸಹಿ ಇತ್ತಾ?”

ಒಂದು ಹೆಸರನ್ನೂ ನಾನು ಓದಿರಲಿಲ್ಲ. “ನೋಡ್ಲಿಲ್ಲ ಮಾವ” ಎಂದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಇನ್ನೆಂದೂ ಆಗಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಅವರು ಒಲೆಯ ಕಡೆ ಸ್ವಲ್ಪ ಹೊತ್ತು ನೋಡಿ, “ಹಾಗಾದ್ರೆ ಎಲ್ಲಾನೂ ಓದ್ಬೇಕಾಯ್ತು” ಎಂದರು. ಗೋಡೆ ಕಡೆಯ ಮೊದಲ ಸಾಲಿನ ಮೊದಲ ಪುಸ್ತಕ ತಂದರು, ಬೀಟ್‌ರೂಟ್ ರೋಗಗಳ ಕೈಪಿಡಿ. ನಾನು ಹುಟ್ಟಿಸಿದ ಹೆಸರುಗಳ ಕೆಳಗೆ ತಮ್ಮ ಸಹಿ ಹಾಕಿದರು. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿನಲ್ಲೇ ಓದುತ್ತಾರೆ.

ಮುಂದಿನ ಗುರುವಾರ ಅದನ್ನು ಮರಳಿಸಿದರು. ವಿಮರ್ಶೆ ಇರಲಿಲ್ಲ.

“ಇದನ್ನ ಅವಳು ಓದಿರ್ತಾಳಾ, ಗಿಂಕಾ?”

“ಗೊತ್ತಿಲ್ಲ ಮಾವ.”

ತಲೆಯಾಡಿಸಿ ಎರಡನೆಯದನ್ನು ತೆಗೆದುಕೊಂಡರು. ಈಗ ಅವರು ಪುಸ್ತಕವನ್ನು ಮುಂದಿನಿಂದ ತೆರೆಯುತ್ತಾರೆ.