ತಂಗೆವ್ವನ ಹೊಟ್ಟೆಯೊಳಗಿನ ರೊಟ್ಟಿ

ನಾಲ್ಕು ಓಣಿಗೆ ಒಂದೇ ಟಿವಿ, ಅದೂ ಕಪ್ಪುಬಿಳುಪಿನದು ಇದ್ದ ಕಾಲ ಅದು. ನೀವೂ ಯಾರದೋ ಮನೆಯ ಹೊಸ್ತಿಲ ಹೊರಗೆ ಕೂತು ಭಾನುವಾರದ ಗೊಂಬೆ ಧಾರಾವಾಹಿ ನೋಡಿದವರಾದರೆ ತಂಗೆವ್ವ ನೆನಪಿರಬೇಕು. ಸೊಂಟದ ಮೇಲೆ ಕೈಯಿಟ್ಟು ಊರಗೌಡನನ್ನೇ ಝಾಡಿಸುತ್ತಿದ್ದ ಮುದುಕಿ ಗೊಂಬೆ. ಅವಳು ಹುಟ್ಟಿದ್ದು ಆಳಂದದ ನಮ್ಮ ಮನೆಯಲ್ಲಿ. ಈ ಮಾತನ್ನು ಅಂದು ಶಾಲೆಯಲ್ಲಿ ಯಾರೂ ನಂಬಲಿಲ್ಲ. ಈಗಲೂ ನಂಬದವರು ನಂಬದಿರಲಿ, ನಾನಂತೂ ಹೇಳುವುದನ್ನು ಬಿಡುವವಳಲ್ಲ.

ನನ್ನ ಆಯಿ, ಅಂದರೆ ಅವ್ವನ ಅವ್ವ, ಹಳೆ ಸೀರೆ, ಧೋತರಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಒತ್ತೊತ್ತಾದ ಹೊಲಿಗೆ ನೋಡಿಯೇ ಗೊಂಬೆ ಮಾಸ್ತರರು ಶಹರದಿಂದ ಹುಡುಕಿಕೊಂಡು ಬಂದಿದ್ದರು. ತಂಗೆವ್ವನ ತಲೆ ಅವರದು, ಮೈಯೆಲ್ಲ ಆಯಿಯದು. ಗೊಂಬೆಯ ಬೆನ್ನಿನ ಸೀಳಿನಲ್ಲಿ ಕೈ ತೂರಿಸಿ ತಲೆ ಆಡಿಸುತ್ತಿದ್ದವರು ಅವರೇ. ಮುದುಕಿಯ ಆ ಗಡಸು ದನಿ ಕೂಡ ಗಿರಿಜಾಮೀಸೆಯ ಈ ಗಂಡಸಿನದೇ ಎಂದರೆ ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು.

ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಟ್ಟು ಹೊಲಿಯುವ ರೂಢಿ. ಕೌದಿಯ ಹೊಟ್ಟೆ ತುಂಬಿರಬೇಕು, ಆಗಲೇ ಹೊದ್ದವರ ಹೊಟ್ಟೆಯೂ ತಣ್ಣಗಿರುತ್ತದೆ. ಆಯಿ ತಂಗೆವ್ವನಿಗೂ ಹಾಗೇ ಮಾಡಿದ್ದಳು. ಯಾರನ್ನೂ ಕೇಳಿರಲಿಲ್ಲ.

ತೊಗರಿ ರಾಶಿಯ ದಿನಗಳು. ಓಣಿಯ ತುಂಬ ತೊಗರಿ ಹೊಟ್ಟಿನ ಘಾಟು, ಸೀನಿ ಸೀನಿ ಸಾಕಾಗಿತ್ತು. ಮತ್ತೊಮ್ಮೆ ಬಂದ ಮಾಸ್ತರರು ಚೀಲದಿಂದ ತಂಗೆವ್ವನನ್ನು ತೆಗೆದು ಅಂಗಳದಲ್ಲಿಟ್ಟರು. ಹೊಟ್ಟೆ ಹರಿದು ಚಿಂದಿ ಹೊರಬಿದ್ದಿತ್ತು. ನನಗೆ ಅಳುವೇ ಬಂತು.

"ಏನ್ ಹಾಕೀರಿ ಆಯೀ ಇದ್ರ ಹೊಟ್ಟ್ಯಾಗ? ಇಲಿ ಕಡದು ಹೆಂಗ್ ಮಾಡ್ಯಾವ್ ನೋಡ್ರಿ."

"ರೊಟ್ಟಿ ಹಾಕೀನಿ. ಮತ್ತೇನ್ ಹಾಕ್ತಾರ?"

"ಗೊಂಬಿಗಿ ಯಾಕ್ರೀ ರೊಟ್ಟಿ?"

"ನನ್ ಕೈಯಾಗಿಂದ ಯಾವ್ದೂ ಹಸದು ಹೋಗಂಗಿಲ್ಲ. ಇಲಿ ನಿಮ್ಮವು, ತಪ್ಪ ನನ್ ರೊಟ್ಟಿ ಮ್ಯಾಲ ಯಾಕ ಹೊರಸ್ತೀರಿ? ಒಂದ್ ಬೆಕ್ಕ ಸಾಕ್ರಿ!"

ಮಾಸ್ತರರಿಗೆ ನಗುವೂ ಬಂತು, ಸಂಕಟವೂ ಆಯಿತು. "ಟಿವಿ ಸಾಹೇಬ್ರು ಸಿಟ್ಟಾಗ್ಯಾರ್ರಿ. ಈ ಸಲ ಬರೇ ಹತ್ತಿ ತುಂಬಬೇಕಂತ. ಇಲ್ಲಾಂದ್ರ ಬ್ಯಾರೆ ಕಡಿ ಹೊಸಾ ಗೊಂಬಿ ಮಾಡಸ್ತಾರಂತ."

ತಂಗೆವ್ವ ಹೋದರೆ ನನಗೆ ಉಳಿಯುವುದಾದರೂ ಏನು? "ಆಯೀ, ಹತ್ತಿನೇ ತುಂಬು ಬೇ!" ಎಂದು ಸೆರಗು ಹಿಡಿದು ಜಗ್ಗಿದೆ.

"ನೀ ಸುಮ್ಕಿರು," ಎಂದವಳೇ ಆಯಿ ಸೂಜಿದಾರವನ್ನು ಮಾಸ್ತರರ ಮುಂದಿಟ್ಟಳು. "ಹತ್ತಿ ತುಂಬಿ ನೀವೇ ಹೊಲಕೋರಿ. ನಾ ಹೊಲಿಯಂಗಿಲ್ಲ."

ಮಾಸ್ತರರು ಸೂಜಿ ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಊಟದ ಹೊತ್ತಾಗಿತ್ತು. ಅವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ಮೊದಲ ಸಲ ಬಂದಾಗ ಅವರು "ಈಗ ಉಂಡೀನ್ರಿ" ಎಂದು ನೀರನ್ನೂ ಮುಟ್ಟದೆ ಹೋಗಿದ್ದರು. ಗೋಡೆಗೆ ಬುದ್ಧನ ಪಟವಿದ್ದ ನಮ್ಮಂಥ ಮನೆಗಳಿಗೆ ಬಂದ ಮೇಲ್ಜಾತಿಯವರಿಗೆ ಯಾವಾಗಲೂ ಹೊಟ್ಟೆ ತುಂಬಿಯೇ ಇರುತ್ತಿತ್ತು. ಅಂದು ಮಾತ್ರ ಅವರು ತಾಟನ್ನು ಹತ್ತಿರಕ್ಕೆಳೆದು ಉಂಡರು. ಉಂಡು, ಕೊನೆಯ ರೊಟ್ಟಿಯ ಅಂಚು ಮುರಿದು ಆಯಿಯ ಕೈಗೆ ಕೊಟ್ಟರು.

"ಹಾಕಿ ಹೊಲಿರಿ. ಸಾಹೇಬ್ರಿಗಿ ಹತ್ತಿ ಅಂತ ಹೇಳ್ತೇನಿ."

"ಸುಳ್ಳ ಯಾಕ ಹೇಳ್ತೀರಿ? ರೊಟ್ಟಿನೇ ಅದ ಅಂತ ಹೇಳ್ರಿ. ಕದ್ದು ಹಾಕಾಕತ್ತೇನೇನು?"

ಆಯಿ ಆ ಚೂರನ್ನು ಬಿಸಿಲಿನಲ್ಲಿ ಕಟಕಟ ಒಣಗಿಸಿ, ಬೇವಿನೆಲೆ ಸುತ್ತಿ ಗೊಂಬೆಯ ಹೊಟ್ಟೆಗಿಟ್ಟಳು. ಮೇಲೆ ತೇಪೆ ಹಾಕಲು ಗಟ್ಟಿ ಬಟ್ಟೆ ಬೇಕಾಗಿತ್ತು. ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಕೆಂಪು ಲಂಗದ ಅಂಚನ್ನು ಕರಕರ ಕತ್ತರಿಸಿಯೇಬಿಟ್ಟಳು! "ನನ್ ಲಂಗಾ!" ಎಂದು ನಾನು ಬಾಯಿ ಮಾಡಿದ್ದಕ್ಕೆ, ತೇಪೆಯ ಕೊನೆಯ ಹೊಲಿಗೆ ಹಾಕಲು ಸೂಜಿಯನ್ನು ನನ್ನ ಕೈಗೇ ಕೊಟ್ಟಳು.

ಮಾಸ್ತರರು ಶಹರದಲ್ಲಿ ಏನು ಹೇಳಿದರೋ, ಎಷ್ಟು ಬೈಸಿಕೊಂಡರೋ ಗೊತ್ತಿಲ್ಲ. ಮುಂದೊಂದು ಭಾನುವಾರ ಪಕ್ಕದ ಓಣಿಯ ಸಾಹುಕಾರರ ಮನೆಯ ಟಿವಿಯಲ್ಲಿ ತಂಗೆವ್ವ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟಳು. ಹೊಟ್ಟೆಯ ಮೇಲೆ ನನ್ನ ಲಂಗದ ತೇಪೆ. ನಾನು ಹೊಸ್ತಿಲ ಹೊರಗಿನಿಂದಲೇ ಕೂಗಿದೆ: "ಅದ್ರಾಗ ನಮ್ಮನಿ ರೊಟ್ಟಿ ಅದ!"

"ಸುಮ್ನ ನೋಡ್ತಿದ್ರ ನೋಡು, ಇಲ್ಲಂದ್ರ ಮನಿಗಿ ನಡಿ ಬೇ," ಎಂದು ಸಾಹುಕಾರ್ತಿ ಗದರಿದಳು. ನಾನೇಕೆ ಹೋಗಲಿ? ನಮ್ಮನ್ನು ಒಳಗೆ ಬಿಡದ ಮನೆಯ ನಡುಮನೆಯಲ್ಲಿ ನಮ್ಮ ರೊಟ್ಟಿ ಕೂತಿತ್ತು. ಧಾರಾವಾಹಿ ಮುಗಿಯುವವರೆಗೂ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಈಗ ನಾನು ಜೇವರ್ಗಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮೊನ್ನೆ ತಮ್ಮನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಆ ಧಾರಾವಾಹಿಯ ತೆರೆಮರೆಯ ಸಂಗತಿಗಳಂತೆ. ತಂಗೆವ್ವ ಈಗ ಶಹರದಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಾಳಂತೆ. ಹೊಟ್ಟೆಯ ಮೇಲಿನ ತೇಪೆ ಬಡವರ ಹಸಿವಿನ ಸಂಕೇತವಂತೆ!

ಮೈ ಉರಿಯಿತು. ಆಯಿ ಹೋದಳು, ಮಾಸ್ತರರೂ ಹೋದರು. ನಮ್ಮ ಓಣಿಯಲ್ಲಿ ಈಗ ಕೌದಿ ಹೊಲಿಯುವ ಕೈ ಒಂದೂ ಉಳಿದಿಲ್ಲ, ಎಲ್ಲರ ಮನೆಯಲ್ಲೂ ಪೇಟೆಯ ಬ್ಲ್ಯಾಂಕೆಟ್ಟೇ. ಅವನ್ನು ಹೊದ್ದಾಗೆಲ್ಲ ನನಗೆ ಆಯಿಯ ನೆನಪಾಗಿ ಸಂಕಟವಾಗುತ್ತದೆ. ಅದನ್ನು ಹೇಗೋ ತಡೆದುಕೊಂಡೇನು, ಆಯಿ ಹಟ ಹಿಡಿದು ತುಂಬಿಸಿದ ಹೊಟ್ಟೆಯನ್ನು ಹಸಿದದ್ದು ಎಂದರೆ ಸಹಿಸುವವಳಲ್ಲ. ನಂಬಿಕೆ ಬರದಿದ್ದರೆ ಗಾಜು ತೆಗೆದು ತೇಪೆ ಬಿಚ್ಚಿ ನೋಡಿ. ನೋಡಿದ ಮೇಲೆ ಮತ್ತೆ ಹೊಲಿಯಲು ನನ್ನನ್ನೇ ಕರೆಯಿರಿ. ಬರುವಾಗ ರೊಟ್ಟಿ ನಾನೇ ತರುತ್ತೇನೆ.